ಬೆಳಕಿಗೆ ಹಾಕಿದ ರಫು

ಮಾರ್ಚ್ 3, ಸೋಮವಾರ

ನಲವತ್ತು ವರ್ಷ ತಂಗಿಗೆ ಕಾಗದ ಬರೆದವಳು ನಾನು. ಈಗ ಅವಳೇ ನನ್ನ ಮನೆಗೆ ಬಂದು ಪಕ್ಕದ ಕೋಣೆಯಲ್ಲಿ ಮಲಗುತ್ತಿರುವಾಗ ಯಾರಿಗೆ ಬರೆಯಲಿ? ಆದರೂ ಸಂಜೆಯಾದರೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ. ಅದಕ್ಕೇ ಈ ನೋಟುಬುಕ್ಕು. ಇದರಲ್ಲಿ ಕ್ಷೇಮಸಮಾಚಾರ ಕೇಳುವ ಗೋಜಿಲ್ಲ, ಕೊನೆಯಲ್ಲಿ ಆಶೀರ್ವಾದ ಮಾಡುವ ಕಷ್ಟವೂ ಇಲ್ಲ.

ಇವತ್ತು ಹೊಸ ಕೆಲಸಕ್ಕೆ ಹೋಗಿ ಬಂದೆ. ಅರವತ್ತೆಂಟನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಹಿಂಬದಿಯ ಮೂರನೆಯ ಮಹಡಿಯಲ್ಲಿ, ವಿಜ್ಞಾನದ ಕೆಲಸ! ಶಾಲೆಯ ಮುಖ ಏಳು ವರ್ಷಕ್ಕಿಂತ ಹೆಚ್ಚು ನೋಡದವಳಿಗೆ. ಎಲ್ಲ ಒಂದು ಕೋಟಿನಿಂದ ಆದದ್ದು. ಹೋದ ತಿಂಗಳು ಆ ಆಸ್ಪತ್ರೆಯ ಡಾಕ್ಟರಮ್ಮ ನುಸಿ ತಿಂದ ಉಣ್ಣೆಯ ಕೋಟೊಂದನ್ನು ನನ್ನ ಅಂಗಡಿಗೆ ತಂದಿದ್ದರು. ತೋಳಿನ ಹತ್ತಿರ ಮೂರು ತೂತು. ಒಳಹೊಲಿಗೆಯಿಂದ ಎಳೆ ಬಿಚ್ಚಿ, ಎಳೆಗೆ ಎಳೆ ಕೂಡಿಸಿ ರಫು ಮಾಡಿ ಕೊಟ್ಟೆ. ಅವರು ಕಿಟಕಿಯ ಹತ್ತಿರ ನಿಂತು ಹೊರಳಿಸಿ ಹೊರಳಿಸಿ ನೋಡಿದರು, ತೂತು ಎಲ್ಲಿತ್ತು ಅನ್ನುವುದೇ ಸಿಗಲಿಲ್ಲ. ಕೊನೆಗೆ ಕೋಟು ಮಡಚಿಟ್ಟು, "ಅಮ್ಮ, ನನಗೆ ನಿಮ್ಮ ಕೈ ಬೇಡ, ಕಣ್ಣು ಬೇಕು" ಅಂದರು.

ಆ ಕೋಣೆಗೆ ದಪ್ಪ ಕರಿ ಪರದೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಕತ್ತಲೆ. ಎರಡು ಕುರ್ಚಿ, ಎರಡು ಕಂಪ್ಯೂಟರ್ ಪರದೆ. ಒಂದು ಕುರ್ಚಿ ನನ್ನದು. ಇನ್ನೊಂದರಲ್ಲಿ ಕೂರುವವರು ಮೊದಲು ಭೂಪಟ ಬರೆಯುತ್ತಿದ್ದರಂತೆ. ಎಲ್ಲರೂ ನಕ್ಷೆಯವರು ಅನ್ನುತ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು. ನಾನು ಕೂತ ಕೂಡಲೇ, ಇಲ್ಲಿ ಮಾತಾಡಬಾರದು ಅಂತ ಹೇಳಿ, ಒಂದು ಗಂಟೆ ಮಾತಾಡಿದರು.

ಮಾರ್ಚ್ 6, ಗುರುವಾರ

ಕೆಲಸ ಏನೆಂದು ನನಗೆ ನಾನೇ ಬರೆದುಕೊಂಡರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆ ಬರುವವರ ಮೆದುಳಿನಲ್ಲಿ ಒಂದು ಥರದ ಅಂಟು ಕೂರುತ್ತದೆ. ಮರೆವು ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಕೂರತೊಡಗುತ್ತದಂತೆ. ಕಣ್ಣಿನ ಹಿಂದಿನ ಪರದೆಯೂ ಮೆದುಳಿನದೇ ಒಂದು ಚೂರು. ಹಾಗಾಗಿ ಅಂಟು ಅಲ್ಲೂ ಸಿಗಬೇಕು ಅನ್ನುವುದು ಡಾಕ್ಟರಮ್ಮನ ಲೆಕ್ಕ. ತೋಳಿಗೆ ಒಂದು ಸೂಜಿ ಚುಚ್ಚಿ ನ್ಯಾನೋ ಕಣಗಳನ್ನು ಬಿಡುತ್ತಾರೆ. ಎಷ್ಟು ಸಣ್ಣದು ಅಂದರೆ ಒಂದು ಕೂದಲಿನ ಅಡ್ಡಕ್ಕೆ ಸಾವಿರ ಕಣ ಸಾಲಾಗಿ ನಿಲ್ಲಬಹುದು. ಅವು ರಕ್ತದಲ್ಲಿ ತಿರುಗುತ್ತಾ ಹೋಗಿ, ಅಂಟು ಸಿಕ್ಕಿದ ಕಡೆ ಹತ್ತಿಕೊಂಡು ನಿಲ್ಲುತ್ತವೆ. ಆಮೇಲೆ ಕಣ್ಣಿಗೆ ಒಂದು ಬಗೆಯ ಬೆಳಕು ಹಾಯಿಸಿದರೆ ಮಿಣುಕುತ್ತವೆ. ಆ ಮಿಣುಕನ್ನು ಕ್ಯಾಮೆರಾ ಹಿಡಿಯುತ್ತದೆ.

ನಮ್ಮ ಮೇಜಿಗೆ ಬರುವುದು ಆ ಚಿತ್ರ. ಹೆಸರಿಲ್ಲ, ಸಂಖ್ಯೆ ಮಾತ್ರ. ಬಲಗಣ್ಣಿನದು ಮಾತ್ರ. ಎಡಗಣ್ಣಿನದನ್ನೂ ತೆಗೆಯುತ್ತಾರೆ, ಆದರೆ ಅದು ಬೇರೆ ಕಡೆ ಹೋಗುತ್ತದೆ. ಯಾವುದು ನಿಜವಾದ ಚುಕ್ಕೆ, ಯಾವುದು ಸುಮ್ಮನೆ ಹೊಳೆದ ಧೂಳು ಅಂತ ನಾವು ಒಂದೊಂದಕ್ಕೂ ಗುರುತು ಹಾಕಬೇಕು. ಅದನ್ನು ನೋಡಿ ನೋಡಿ ಮುಂದೆ ಕಂಪ್ಯೂಟರೇ ಕಲಿಯುತ್ತದಂತೆ. ಹದಿನೈದು ನಿಜವಾದ ಚುಕ್ಕೆ ಸಿಕ್ಕವರನ್ನು ಹೊಸ ಔಷಧದ ಗುಂಪಿಗೆ ಸೇರಿಸುತ್ತಾರೆ. ಒಂದೇ ಚಿತ್ರವನ್ನು ನಾನು ಬೇರೆ, ನಕ್ಷೆಯವರು ಬೇರೆ ನೋಡುತ್ತೇವೆ. ಇಬ್ಬರ ಎಣಿಕೆ ಹೊಂದದಿದ್ದರೆ ಡಾಕ್ಟರಮ್ಮ ನೋಡುತ್ತಾರೆ.

ಧೂಳನ್ನು ನಾನು ಎರಡೇ ದಿನದಲ್ಲಿ ಹಿಡಿದೆ. ಧೂಳಿನ ಅಂಚು ಕತ್ತರಿಸಿದ ಹಾಗೆ ಇರುತ್ತದೆ. ನಿಜವಾದ ಚುಕ್ಕೆಯ ಅಂಚು ಸವೆದ ಮೊಣಕೈಯ ಹಾಗೆ ಮೆತ್ತಗೆ. ನಲವತ್ತೈದು ವರ್ಷ ಕಿಡಿ ಬಿದ್ದ ತೂತು, ನುಸಿ ತಿಂದ ತೂತು, ಸವೆದ ತೂತು ನೋಡಿದವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ. ವ್ಯತ್ಯಾಸ ಒಂದೇ. ಅಂಗಡಿಯಲ್ಲಿ ತೂತು ಕಾಣದ ಹಾಗೆ ಮಾಡಬೇಕು. ಇಲ್ಲಿ ಕಾಣುವ ಹಾಗೆ ಮಾಡಬೇಕು.

ಸಂಖ್ಯೆಗಳನ್ನು ಮನೆಗೆ ಹೊತ್ತುಕೊಂಡು ಹೋಗಬೇಡಿ ಅಂದಿದ್ದಾರೆ. ಹೊತ್ತುಕೊಂಡು ಹೋಗುವಷ್ಟು ಭಾರವೇನೂ ಇಲ್ಲ.

ಮಾರ್ಚ್ 9, ಭಾನುವಾರ

ತಂಗಿ ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ಕೂತಿದ್ದಳು. ಬಿಸಿಲು ಅವಳ ಮೊಣಕಾಲಿನಿಂದ ಹೆಗಲಿಗೆ ಏರುವವರೆಗೂ ಕದಲಲಿಲ್ಲ. ಏನು ನೋಡುತ್ತಿದ್ದೀಯ ಅಂತ ಕೇಳಿದರೆ, ಬೆಳಕು ನೀರಿನ ಹಾಗೆ ಏರುತ್ತಿದೆ ಅಂದಳು.

ನೀರು ಅವಳನ್ನು ಬಿಟ್ಟಿಲ್ಲ. ಮೂವತ್ತಾರು ವರ್ಷ ಈಜುಕೊಳದಲ್ಲಿ ಮಕ್ಕಳಿಗೆ ತೇಲುವುದು ಕಲಿಸಿದವಳು. ಅವಳ ಊರಿನಲ್ಲಿ ಅವಳ ಅಂಗೈ ಮೇಲೆ ಮಲಗದ ಬೆನ್ನೇ ಇಲ್ಲ ಅಂತ ಜನ ನಗುತ್ತಿದ್ದರು. ಕೆಲಸ ಬಿಟ್ಟು ನಾಲ್ಕು ವರ್ಷವಾದ ಮೇಲೆ, ಹೋದ ಜನವರಿಯಲ್ಲಿ ಒಂದು ಬೆಳಗ್ಗೆ, ಕೊಳದ ಬಾಗಿಲು ತೆಗೆಯುವುದಕ್ಕೆ ಹೋಗಿ ನಿಂತಿದ್ದಳು. ಕೈಯಲ್ಲಿದ್ದದ್ದು ಮನೆಯ ಬೀಗದ ಕೈ. ಅವತ್ತೇ ಹೋಗಿ ಕರೆದುಕೊಂಡು ಬಂದೆ.

ಇವತ್ತು ಮೇಲಿನ ಮನೆಯ ಟೈಪಿಸ್ಟ್ ಬಂದು ಕೂತಳು. ತಂಗಿಯನ್ನು, ನೀವು ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ಕೇಳಿದಳು. ತಂಗಿ, ಆ ದೊಡ್ಡದು, ನೀಲಿಯದು, ಅಂತ ತಡವರಿಸಿದಳು. ನಾನು ಥಟ್ಟನೆ ಈಜುಕೊಳದಲ್ಲಿ ಅಂತ ಹೇಳಿ ಮಾತು ಮುಂದುವರಿಸಿದೆ. ಟೈಪಿಸ್ಟಿಗೆ ಗೊತ್ತೂ ಆಗಲಿಲ್ಲ. ಈಗೀಗ ಇದರಲ್ಲಿ ನನ್ನ ಕೈ ಚೆನ್ನಾಗಿ ಕುದುರಿದೆ. ಒಲೆಯ ಮೇಲಿಟ್ಟು ಮರೆತ ಪಾತ್ರೆ ಇಳಿಸುತ್ತೇನೆ, ತಿರುಗಿಸಿ ಹಾಕಿಕೊಂಡ ಸ್ವೆಟರು ಸರಿ ಮಾಡುತ್ತೇನೆ, ಮಾತು ನಿಂತ ಕಡೆ ಮಾತು ಕೊಡುತ್ತೇನೆ. ಅವಳಿಗೇ ಕಾಣದಷ್ಟು ನಯವಾಗಿ.

ಟೈಪಿಸ್ಟ್ ಹೋದ ಮೇಲೆ ತಂಗಿ, ನಿನ್ನ ಡಾಕ್ಟರಮ್ಮ ನನ್ನ ಕಣ್ಣನ್ನೂ ನೋಡಲಿ ಅಂದಳು. ವಯಸ್ಸಾದ ಮೇಲೆ ಎಲ್ಲರೂ ಮರೆಯುತ್ತಾರೆ, ನಾನೂ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುತ್ತೇನೆ ಅಂತ ಹೇಳಿ ತಳ್ಳಿಹಾಕಿದೆ.

"ನೀನು ಹುಡುಕೋದು ಕನ್ನಡಕ ಅಕ್ಕ. ನಾನು ಏನು ಹುಡುಕ್ತಿದ್ದೀನಿ ಅನ್ನೋದೇ ನನಗೆ ಗೊತ್ತಿರಲ್ಲ" ಅಂದಳು.

ಮಾರ್ಚ್ 14, ಶುಕ್ರವಾರ

ತಂಗಿಯ ಕಣ್ಣಿನ ಚಿತ್ರ ಆಯಿತು. ನಾನು ಅಲ್ಲೇ ಕೆಲಸ ಮಾಡುವವಳಾದ್ದರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಯಾವ ಚಿತ್ರವಾದರೂ ಗುರುತು ಸಿಕ್ಕಿದ ಹಾಗೆ ಅನಿಸಿದರೆ ಮುಟ್ಟಬಾರದು, ಬಂದು ಹೇಳಬೇಕು. ಹಾಕಿದೆ. ಸಾವಿರಾರು ಎಳೆಗಳಲ್ಲಿ ನಮ್ಮ ಮನೆಯ ಎಳೆ ಯಾವುದೆಂದು ಹೇಗೆ ತಿಳಿಯುತ್ತದೆ?

ಬಲಗಣ್ಣು ಮುಗಿದು ಎಡಗಣ್ಣಿಗೆ ಬಂದಾಗ ತಂಗಿ ಯಾಕೋ ಗಾಬರಿಯಾದಳಂತೆ, ನನ್ನನ್ನು ಒಳಗೆ ಕರೆದರು. ಅವಳ ಭುಜ ಹಿಡಿದು ನಿಂತೆ. ಗದ್ದವನ್ನು ಒಂದು ತಟ್ಟೆಯ ಮೇಲಿಟ್ಟು, ಹಣೆ ಒತ್ತಿಕೊಂಡು ಕೂತಿದ್ದಳು. ಹಸಿರು ಬೆಳಕು ಅವಳ ಕಣ್ಣಿನೊಳಗೆ ಇಳಿಯಿತು. ಪಕ್ಕದ ಪರದೆಯ ಮೇಲೆ ಒಂದು ಗಳಿಗೆ ಅದು ತೆರೆದುಕೊಂಡಿತು: ಕಿತ್ತಳೆ ಬಣ್ಣದ ಒಂದು ಲೋಕ, ಅದರಲ್ಲಿ ಕೊಂಬೆಕೊಂಬೆಯಾದ ರಕ್ತನಾಳ. ಅಂಚಿನ ಹತ್ತಿರ ಒಂದು ನಾಳ ಸುತ್ತಿ ಕುಣಿಕೆಯಾಗಿತ್ತು. ದಾರದ ತುದಿಗೆ ನಾನು ಹಾಕುತ್ತೇನಲ್ಲ, ಅಂಥದ್ದೇ ಗಂಟು.

ಹೊರಗೆ ಬಂದು ಏನು ಕಾಣಿಸಿತು ಅಂತ ತಂಗಿಯನ್ನು ಕೇಳಿದೆ. ಕೊಳದ ತಳದಿಂದ ಮೇಲೆ ನೋಡಿದ ಹಾಗಿತ್ತು ಅಂದಳು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಅವಳ ರಕ್ತದಲ್ಲಿ ಈಗ ಕೋಟಿ ಕೋಟಿ ಸಣ್ಣ ದೀಪಗಳು ತಿರುಗುತ್ತಿವೆ ಅಂದುಕೊಂಡೆ. ಇಳಿಯುವ ಸ್ಟಾಪು ದಾಟಿ ಹೋದದ್ದು ನನಗೂ ತಿಳಿಯಲಿಲ್ಲ.

ಮಾರ್ಚ್ 25, ಮಂಗಳವಾರ

ಸಂಖ್ಯೆ ಬರೆಯಬಾರದು, ಆದರೂ ಬರೆಯುತ್ತೇನೆ. ನಲವತ್ತೊಂದು.

ಹತ್ತು ದಿನದಿಂದ ಪ್ರತಿ ಚಿತ್ರದಲ್ಲೂ ನನ್ನ ಕಣ್ಣು ಆ ಕುಣಿಕೆ ಹುಡುಕುತ್ತದೆ. ಸಿಕ್ಕರೆ ಎದ್ದು ಹೋಗಿ ಹೇಳಬೇಕು ಅಂತಲೇ ಇಟ್ಟುಕೊಂಡಿದ್ದೇನೆ. ನಲವತ್ತೊಂದರಲ್ಲಿ ಇರಲಿಲ್ಲ. ಉಸಿರು ಬಿಟ್ಟು ಹಗುರಾಗಿ ಕೂತೆ.

ಇಷ್ಟು ಚೆಂದದ ಚಿತ್ರವನ್ನು ನಾನು ಇಲ್ಲಿ ನೋಡಿಲ್ಲ. ನಾಳಗಳು ಒಂದಕ್ಕೊಂದು ಅವಸರ ಮಾಡದೆ ಹರಡಿವೆ. ಯಾರೋ ನಿಧಾನವಾಗಿ ಮಾತಾಡುವವರ ಕಣ್ಣು ಇರಬೇಕು. ಚುಕ್ಕೆಗಳೋ, ಸಂಜೆ ಒಂದೊಂದೇ ಮನೆಯಲ್ಲಿ ದೀಪ ಹತ್ತಿದ ಹಾಗೆ. ಹದಿನಾಲ್ಕು ಸಿಕ್ಕಿದವು. ಯಾಕೋ ಬಿಡಲು ಮನಸ್ಸಾಗಲಿಲ್ಲ. ದಪ್ಪ ನಾಳವೊಂದರ ಪಕ್ಕದಲ್ಲಿ ನೆರಳಿದೆ. ಕರಿ ಬಟ್ಟೆಯ ಮೇಲೆ ಕರಿ ದಾರ ಹುಡುಕುವಾಗ ಮಾಡುವ ಹಾಗೆ, ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದೆ. ಇನ್ನೆರಡು ಇದ್ದವು, ನೆರಳಿನ ಮಡಿಲಲ್ಲಿ ಅಡಗಿಕೊಂಡು. ಹದಿನಾರು. ಪತ್ತೆಯಾದಾಗ ಎಂಥ ಖುಷಿ ಅಂತೀರಿ! ಯಾರಿಗೆ "ಅಂತೀರಿ" ಅನ್ನುತ್ತಿದ್ದೇನೋ.

ಬಸ್ಸಿನಲ್ಲಿ ಬರುವಾಗ ಆ ನಲವತ್ತೊಂದನ್ನು ನೆನೆದು ಮನಸ್ಸಿಗೆ ಚುಚ್ಚಿತು. ಪಾಪ, ಯಾರೋ. ಅವರ ಮನೆಯವರಿಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು. ತಣ್ಣಗಿರಲಿ ಆ ಜೀವ.

ಏಪ್ರಿಲ್ 2, ಬುಧವಾರ

ನಕ್ಷೆಯವರಿಗೆ ಕಣ್ಣಿನ ಪೊರೆಯ ಆಪರೇಷನ್. ಎರಡು ವಾರ ಬರುವುದಿಲ್ಲ. ಊರವರ ಕಣ್ಣೆಲ್ಲ ಜಾಲಾಡಿ ನನ್ನ ಕಣ್ಣೇ ಮರೆತಿದ್ದೆ ಅಂತ ತಾವೇ ನಕ್ಕರು. ಅಲ್ಲಿಯವರೆಗೂ ನಾನೊಬ್ಬಳೇ. ಔಷಧದ ಗುಂಪಿನ ಪಟ್ಟಿ ಹದಿನೆಂಟಕ್ಕೆ ಮುಚ್ಚುತ್ತದೆ, ಆದ್ದರಿಂದ ನನ್ನ ಎಣಿಕೆಯೇ ಕೊನೆ ಎಂದರು ಡಾಕ್ಟರಮ್ಮ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಅಂತಲೂ ಹೇಳಿದರು.

ಒಬ್ಬಳೇ ಕೂತರೆ ಆ ಕೋಣೆ ಬೇರೆಯೇ. ಪರದೆಯ ಆಚೆ ಹಗಲು ನಡೆಯುತ್ತಿರುತ್ತದೆ, ಕಾರು, ಮಕ್ಕಳ ಕೂಗು. ಈಚೆ ನಾನು ಯಾರ ಯಾರದೋ ಕಣ್ಣಿನೊಳಗೆ ನಡೆಯುತ್ತಿರುತ್ತೇನೆ. ಊಟದ ಹೊತ್ತಿಗೆ ಹೊರಗೆ ಬಂದರೆ ಬೀದಿಯ ಮರಗಳೂ ರಕ್ತನಾಳದ ಹಾಗೇ ಕಾಣುತ್ತವೆ. ಆಕಾಶಕ್ಕೂ ಒಂದು ಹಿಂಪರದೆ ಇದ್ದು ಅದರ ಮೇಲೆ ಹಬ್ಬಿದ ಹಾಗೆ.

ಏಪ್ರಿಲ್ 9, ಬುಧವಾರ

ಅರವತ್ತಮೂರು.

ಕುಣಿಕೆ ಇತ್ತು. ಅಂಚಿನ ಹತ್ತಿರ, ಅದೇ ಜಾಗ, ಅದೇ ಗಂಟು.

ಎದ್ದು ಹೋಗಿ ಹೇಳಬೇಕಿತ್ತು. ಸಹಿ ಹಾಕಿದ್ದೆ. ಕಾಲು ಎದ್ದಿತು, ಮತ್ತೆ ಕೂತಿತು. ಮೊದಲು ಎಣಿಸಿ ನೋಡೋಣ ಅನಿಸಿತು. ಹದಿನೇಳು.

ಹದಿನೇಳು ಮೆತ್ತಗಿನ ಅಂಚಿನ ಚುಕ್ಕೆ. ಒಂದೂ ಧೂಳಲ್ಲ. ತಂಗಿಯ ಕಣ್ಣು. ಚಿಕ್ಕಂದಿನಲ್ಲಿ ಆ ಕಣ್ಣಿಗೆ ಮರಳು ಬಿದ್ದಾಗ ಸೆರಗಿನ ತುದಿ ಸುತ್ತಿ ತೆಗೆದವಳು ನಾನು.

ಕೈ ತಾನೇ ಹೋಯಿತು. ಒಂದು ಚುಕ್ಕೆಗೆ ಧೂಳು ಅಂತ ಗುರುತು ಹಾಕಿದೆ. ಇನ್ನೊಂದಕ್ಕೆ. ಹರಿದದ್ದು ಕಂಡರೆ ಎಳೆ ಎಳೆದು ಮುಚ್ಚುವುದು, ಇದು ಬಿಟ್ಟು ಈ ಕೈಗೆ ಇನ್ನೇನು ಗೊತ್ತು? ಆರು ಮುಚ್ಚಿದೆ. ಹನ್ನೊಂದು ಉಳಿದವು. ಹನ್ನೊಂದಾದರೆ ಏನೂ ಇಲ್ಲ. ಹನ್ನೊಂದಾದರೆ ವಯಸ್ಸಾದವರ ಮರೆವು.

ಮನೆಗೆ ಬಂದಾಗ ತಂಗಿ ಕೆಟಲಿನಲ್ಲಿ ನೀರಿಟ್ಟು ಚಹಾದ ಪುಡಿ ಹುಡುಕುತ್ತಿದ್ದಳು. ಅವಳು ಹುಡುಕುವ ಮೊದಲೇ ಕೈಗೆ ಕೊಟ್ಟೆ. ಸಕ್ಕರೆಯನ್ನೂ ಕೊಟ್ಟೆ. ಲೋಟವನ್ನೂ.

ಏಪ್ರಿಲ್ 10, ಗುರುವಾರ

ತಲೆನೋವು. ಕೆಲಸಕ್ಕೆ ಹೋದೆ, ಬಂದೆ.

ಏಪ್ರಿಲ್ 13, ಭಾನುವಾರ

ತಂಗಿ ನನ್ನ ಮೇಲೆ ಸಿಟ್ಟಾದಳು. ಅರವತ್ತು ವರ್ಷದಲ್ಲಿ ಅವಳು ನನ್ನ ಮೇಲೆ ಸಿಟ್ಟಾದದ್ದು ಮೂರು ಸಲ.

ತನ್ನ ಹಳೆಯ ಸ್ನೇಹಿತೆಗೆ ಕಾಗದ ಬರೆಯುತ್ತಿದ್ದಳು. ಮಧ್ಯದಲ್ಲಿ ಪೆನ್ನು ನಿಂತಿತು. ಹಿಂದಿನಿಂದ ಬಗ್ಗಿ ನೋಡಿ, ಬರಬೇಕಾದ ಮಾತನ್ನು ಹೇಳಿದೆ. ಬರೆದಳು. ಮತ್ತೆ ನಿಂತಿತು, ಮತ್ತೆ ಹೇಳಿದೆ. ಮೂರನೆಯ ಸಲ ಪೆನ್ನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

"ನೀನೇ ಬರಿ. ಹೇಗೂ ಈ ಮನೇಲಿ ನಾನಾಗಿ ಇರೋಳೂ ನೀನೇ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು. ಆಮೇಲೆ ಮಾತು ನಿಧಾನವಾಗಿ, ಮಧ್ಯೆ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಬಂತು. ನಾನು ಬಾಯಿ ಹಾಕಲಿಲ್ಲ. ಹಾಕುವ ಧೈರ್ಯವಿರಲಿಲ್ಲ ಅನ್ನುವುದೇ ಸರಿ.

"ಮಕ್ಕಳಿಗೆ ತೇಲೋದು ಕಲಿಸುವಾಗ ಬೆನ್ನ ಕೆಳಗೆ ಅಂಗೈ ಇಡ್ತಿದ್ದೆ ಅಕ್ಕ. ಇಡೋದು ಯಾರಿಗಾದ್ರೂ ಬರುತ್ತೆ. ಯಾವಾಗ ತೆಗೀಬೇಕು ಅನ್ನೋದೇ ಕೆಲಸ. ತೆಗೀದೇ ಇದ್ರೆ ಮಗೂಗೆ ನೀರು ಅಂದ್ರೆ ಏನು ಅಂತಾನೇ ಗೊತ್ತಾಗಲ್ಲ. ನೀನು ನನ್ನ ಬೆನ್ನ ಕೆಳಗಿಂದ ಕೈ ತೆಗೀತಾನೇ ಇಲ್ಲ. ನನಗೆ ಏನಾಗ್ತಿದೆ ಅಂತ ನನಗೆ ಗೊತ್ತಾಗಲಿ. ಗೊತ್ತಾಗೋಕೇ ತಾನೇ ಸೂಜಿ ಚುಚ್ಚಿಸ್ಕೊಂಡಿದ್ದು?"

ನಿನಗೆ ಹೆದರಿಕೆ ಆಗುವುದಿಲ್ಲವೇ ಅಂತ ಕೇಳಿದೆ.

"ಆಗುತ್ತೆ. ಹೆದರಿಕೆ ನಂದು. ಅದನ್ನೂ ನೀನೇ ಇಟ್ಕೋಬೇಡ."

ಅವಳು ಕೋಣೆಗೆ ಹೋದ ಮೇಲೆ ಈ ನೋಟುಬುಕ್ಕು ತೆಗೆದೆ. ನಾನು ಮುಚ್ಚಿದ ಆ ಆರು ಚುಕ್ಕೆಗಳು ಎಲ್ಲಿಗೂ ಹೋಗಿಲ್ಲ. ರಫು ಮಾಡಿದ ಬಟ್ಟೆಯಾದರೂ ಗಟ್ಟಿಯಾಗುತ್ತದೆ. ನಾನು ಗಟ್ಟಿ ಮಾಡಿದ್ದು ಏನನ್ನು? ಔಷಧದ ಬಾಗಿಲನ್ನು ಹೊರಗಿನಿಂದ ಹೊಲಿದಿದ್ದೇನೆ, ಅಷ್ಟೇ. ತಂಗಿ ಒಳಗೆ ಹೋಗದ ಹಾಗೆ. ಹದಿನೆಂಟಕ್ಕೆ ಇನ್ನು ಐದು ದಿನ.

ಏಪ್ರಿಲ್ 14, ಸೋಮವಾರ

ಹೇಳಿದೆ.

ಡಾಕ್ಟರಮ್ಮ ಬಾಗಿಲು ಮುಚ್ಚಿ ಕೇಳಿಸಿಕೊಂಡರು, ಮಧ್ಯದಲ್ಲಿ ಒಂದು ಸಲವೂ ತಡೆಯಲಿಲ್ಲ. ಅರವತ್ತಮೂರು, ಆರು ಚುಕ್ಕೆ, ನನ್ನ ತಂಗಿಯದು ಅಂತ ತಿಳಿದೇ ಮಾಡಿದೆ, ಎಲ್ಲ ಹೇಳಿದೆ. ಕೂಗಾಡಿದ್ದರೆ ಹಗುರಾಗುತ್ತಿತ್ತು. ಅವರು ಕೋಟಿನ ತೋಳನ್ನು ಸವರುತ್ತಾ ಕೂತಿದ್ದರು, ನಾನು ರಫು ಮಾಡಿದ ಜಾಗದಲ್ಲೇ. ಅವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವಂತೆ ನಾನು ಮಾಡಿರಲಿಲ್ಲ.

ಆಮೇಲೆ ಕೇಳಿದರು, ಕುಣಿಕೆಯನ್ನು ಯಾವಾಗ ನೋಡಿದಿರಿ ಅಂತ. ಚಿತ್ರ ತೆಗೆಯುವಾಗ, ಎಡಗಣ್ಣಿಗೆ ಬಂದಾಗ ಒಳಗೆ ಕರೆದಿದ್ದರು ಅಂದೆ.

ಹೇಳಿ ಮುಗಿಸುವಷ್ಟರಲ್ಲಿ ನನಗೇ ಕೇಳಿಸಿತು. ಎಡಗಣ್ಣು. ನಮ್ಮ ಮೇಜಿಗೆ ಎಡಗಣ್ಣು ಬರುವುದೇ ಇಲ್ಲ. ಮೊದಲ ವಾರವೇ ನನ್ನ ಕೈಯಾರೆ ಈ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದು.

"ಅಂಥ ಕುಣಿಕೆ ಬೇರೆಯವರ ಕಣ್ಣಲ್ಲೂ ಇರುತ್ತೆ ಅಮ್ಮ" ಅಂದರು. "ಅರವತ್ತಮೂರು ಯಾರದು ಅಂತ ನನಗೂ ಗೊತ್ತಿಲ್ಲ. ಆದ್ರೆ ನೀವು ಹೇಳದೆ ಇದ್ದಿದ್ರೆ ಅವರು ಮನೆಗೆ ಹೋಗ್ತಿದ್ರು. ಏನೂ ಇಲ್ಲ ಅಂದ್ಕೊಂಡು."

ಅರವತ್ತಮೂರನ್ನು ತಾವೇ ಮತ್ತೆ ನೋಡುತ್ತಾರೆ. ನಾನು ಒಬ್ಬಳೇ ನೋಡಿದ ಉಳಿದ ಹತ್ತೊಂಬತ್ತನ್ನು ನಕ್ಷೆಯವರಿಂದ ನೋಡಿಸುತ್ತಾರೆ. ಈ ಪರೀಕ್ಷೆ ಮುಗಿಯುವವರೆಗೂ ನಾನು ಆ ಕೋಣೆಗೆ ಹೋಗುವಂತಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಶಾಲು ತೆಗೆದುಕೊಂಡು ಬಂದೆ. ಹೊರಗೆ ಬಿಸಿಲು ಎಷ್ಟಿತ್ತೆಂದರೆ, ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲಬೇಕಾಯಿತು.

ತಂಗಿಗೂ ಹೇಳಿದೆ. ನಗಬಹುದು ಅಥವಾ ಬೈಯಬಹುದು ಅಂದುಕೊಂಡಿದ್ದೆ. ಪಾಪ, ಅವರು ಯಾರೋ, ಅಂದಳು.

ಏಪ್ರಿಲ್ 17, ಗುರುವಾರ

ನಕ್ಷೆಯವರು ಅಂಗಡಿಗೇ ಬಂದರು. ಒಂದು ಕಣ್ಣಿಗೆ ಕಪ್ಪು ಕನ್ನಡಕದ ಗಾಜು, ಇನ್ನೊಂದಕ್ಕೆ ಬಿಳಿ. ಪೊರೆ ತೆಗೆದ ಮೇಲೆ ಪ್ರಪಂಚ ತೊಳೆದಿಟ್ಟ ಹಾಗಿದೆಯಂತೆ. ನಿಮಗೆ ಇಷ್ಟು ಸುಕ್ಕು ಇದೆ ಅಂತ ಗೊತ್ತಿರಲಿಲ್ಲ ಅಂದರು. ನಿಮ್ಮ ಕನ್ನಡಿ ಇನ್ನೂ ನೋಡಿಲ್ಲವೇ ಅಂತ ಕೇಳಿದೆ.

ಅರವತ್ತಮೂರರಲ್ಲಿ ಹದಿನೇಳೂ ನಿಜವಾದವೇ. ಪಟ್ಟಿಗೆ ಸೇರಿಸಿದರು. ಉಳಿದ ಹತ್ತೊಂಬತ್ತರಲ್ಲೂ ನನ್ನ ಎಣಿಕೆ ಅವರ ಎಣಿಕೆ ಒಂದೇ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿದರು. ಮಾರ್ಚಿನಲ್ಲಿ ಒಂದು ಚಿತ್ರಕ್ಕೆ ಅವರದು ಹದಿನಾಲ್ಕು, ನನ್ನದು ಹದಿನಾರು ಬಂದಿತ್ತಂತೆ. ಡಾಕ್ಟರಮ್ಮ ಅರ್ಧ ದಿನ ಅದರ ಮುಂದೆ ಕೂತು, ನಾನು ಹೇಳಿದ ಎರಡನ್ನೂ ನೆರಳಿನಲ್ಲಿ ಕಂಡರಂತೆ. ಅದನ್ನು ಹೇಳಬೇಕು ಅನಿಸಿತು, ಅಷ್ಟೇ ಅಂದರು.

ಅಂಗಡಿಯಲ್ಲಿ ನಾಲ್ಕು ಕೋಟು ಕಾಯುತ್ತಿವೆ. ಸೂಜಿ ಹಿಡಿದೆ, ಬಹಳ ದಿನದ ಮೇಲೆ. ಒಬ್ಬಾಕೆ ಬಂದು, ಹೊಲಿದದ್ದು ಕಾಣಿಸಿದರೂ ಪರವಾಗಿಲ್ಲ, ನನ್ನ ಮಗನ ಕೋಟು, ಅವನು ಬಿದ್ದು ಹರಿದುಕೊಂಡ ಜಾಗ ನೆನಪಿರಲಿ ಅಂದಳು. ಬೂದು ಬಟ್ಟೆಗೆ ಕೆಂಪು ದಾರ ಹಾಕಿದೆ. ಚೆನ್ನಾಗಿತ್ತು.

ಮೇ 6, ಮಂಗಳವಾರ

ಫಲಿತಾಂಶದ ದಿನ. ಉದ್ದನೆಯ ವರಾಂಡದಲ್ಲಿ ಕುರ್ಚಿಗಳ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಲಕೋಟೆ. ಇವರಲ್ಲಿ ಯಾರೋ ಒಬ್ಬರು ಅರವತ್ತಮೂರು. ಟೊಪ್ಪಿಗೆಯನ್ನು ಎರಡು ಕೈಯಲ್ಲೂ ಹಿಂಡುತ್ತಾ ನಿಂತಿದ್ದ ದಪ್ಪನೆಯ ಮನುಷ್ಯರು ಇರಬಹುದು. ಮಗಳ ಕೈ ಹಿಡಿದು ಕೂತ ಆ ಟೀಚರಂಥ ಹೆಂಗಸು ಇರಬಹುದು. ಒಬ್ಬೊಬ್ಬರ ಬಲಗಣ್ಣನ್ನೇ ನೋಡುತ್ತಾ ಕೂತೆ. ಟೊಪ್ಪಿಗೆಯವರು ಜಾಗಕ್ಕಾಗಿ ನೋಡುತ್ತಿದ್ದರು. ಪಕ್ಕದ ಕುರ್ಚಿಯ ಮೇಲಿದ್ದ ನನ್ನ ಶಾಲು ತೆಗೆದೆ. ಅವರು ಕೂತು, ನಿಮಗೂ ಹೆದರಿಕೆಯಾ ಅಂತ ಕೇಳಿದರು. ಹೌದು ಅಂದೆ. ಸರಿ ಹಾಗಾದರೆ ಅಂದರು, ಅದರಿಂದ ಏನೋ ತೀರ್ಮಾನವಾದ ಹಾಗೆ.

ತಂಗಿ ಲಕೋಟೆಯನ್ನು ತಾನೇ ಒಡೆದಳು. ಅಂಟು ಗಟ್ಟಿಯಾಗಿತ್ತು, ಬೆರಳು ಜಾರಿತು, ಮತ್ತೆ ಪ್ರಯತ್ನಿಸಿದಳು. ಓದಿ ನನ್ನ ಕಡೆ ಹಿಡಿದಳು.

ಸಂಖ್ಯೆ ನಲವತ್ತೊಂದು. ಬಲಗಣ್ಣು. ಹದಿನಾರು. ಔಷಧದ ಗುಂಪಿಗೆ ಸೇರಿಸಲಾಗಿದೆ.

ಡಾಕ್ಟರಮ್ಮ ಒಳಗೆ ಕರೆದು ಹೇಳಿದರು: ಇದು ವಾಸಿ ಮಾಡುವ ಔಷಧವಲ್ಲ, ನಿಧಾನ ಮಾಡಬಹುದು ಅನ್ನುವ ನಂಬಿಕೆ, ಅದನ್ನು ನೋಡುವುದಕ್ಕೇ ಈ ಪರೀಕ್ಷೆ. ಬೇಗ ಗೊತ್ತಾದದ್ದು ಒಳ್ಳೆಯದಾಯಿತು. ತಂಗಿ ಎಷ್ಟು ನಿಧಾನ ಅಂತ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದರು. ತಂಗಿಗೆ ಅದು ಹಿಡಿಸಿತು.

ಮನೆಗೆ ಬಂದು ಇದೇ ಪುಸ್ತಕ ಹಿಂದಕ್ಕೆ ತಿರುವಿದೆ. ಮಾರ್ಚ್ 25. "ಯಾರೋ ನಿಧಾನವಾಗಿ ಮಾತಾಡುವವರ ಕಣ್ಣು ಇರಬೇಕು." "ತಣ್ಣಗಿರಲಿ ಆ ಜೀವ." ನನ್ನದೇ ಅಕ್ಷರ. ಅವತ್ತು ಅದು ಅವಳೆಂದು ತಿಳಿದಿದ್ದರೆ ಆ ಎರಡನ್ನು ನಾನು ನೆರಳಿನಲ್ಲೇ ಬಿಟ್ಟು ಬರುತ್ತಿದ್ದೆ. ಹದಿನಾಲ್ಕಕ್ಕೇ ಎದ್ದುಬಿಡುತ್ತಿದ್ದೆ. ಹದಿನೈದಕ್ಕೆ ಒಂದು ಕಡಿಮೆ.

ಆ ಸಾಲನ್ನು ತಂಗಿಗೆ ಓದಿ ಹೇಳಿದೆ. ಚಿತ್ರ ಅಷ್ಟು ಚೆನ್ನಾಗಿತ್ತಾ ಅಂತ ಕೇಳಿದಳು. ಅಷ್ಟು ಚೆನ್ನಾಗಿತ್ತು ಅಂದೆ. ಮತ್ತೆ ಕೇಳಿದಳು. ಮತ್ತೆ ಹೇಳಿದೆ.

ಮೇ 11, ಭಾನುವಾರ

ಈಜುಕೊಳಕ್ಕೆ ಹೋಗಿದ್ದೆವು. ಅವಳ ಹಟ. ಬಕೆಟ್ಟಿನ ನೀರಿನಲ್ಲೂ ಮುಳುಗುವವಳು ನೀನು ಅಂತ ಬಸ್ಸಿನುದ್ದಕ್ಕೂ ಛೇಡಿಸಿದಳು. ಟಿಕೆಟ್ಟಿನ ಕಿಟಕಿಯಲ್ಲಿ ಎಷ್ಟು ಜನ ಅಂತ ಕೇಳಿದ್ದಕ್ಕೆ, ಒಬ್ಬ ಟೀಚರು, ಒಂದು ಮಗು ಅಂದಳು. ಅರವತ್ತೆಂಟು ವರ್ಷದ ಮಗು ಬಾಡಿಗೆಯ ಈಜುಡುಗೆ ಹಾಕಿಕೊಂಡು ಮೆಟ್ಟಿಲು ಇಳಿಯಿತು.

ಮಧ್ಯಾಹ್ನ, ಜನ ಕಡಿಮೆ. ಗಾಜಿನ ಚಾವಣಿಯಿಂದ ಬಿಸಿಲು ಬಿದ್ದು ನೀರಿನ ತಳದಲ್ಲಿ ಬೆಳಕಿನ ಬಲೆ ಅಲ್ಲಾಡುತ್ತಿತ್ತು. ಅದರ ಗಂಟುಗಂಟಿನಲ್ಲೂ ಒಂದೊಂದು ಚುಕ್ಕೆ ಮಿಣುಕುತ್ತಿತ್ತು. ಎಣಿಸಲಿಲ್ಲ.

ಬೆಳಗ್ಗೆ ಸ್ವೆಟರು ತಿರುಗಿಸಿ ಹಾಕಿಕೊಂಡಿದ್ದ ತಂಗಿ ನೀರಿಗಿಳಿದ ಕೂಡಲೇ ಬೇರೆಯವಳಾದಳು. ತಲೆ ಹಿಂದಕ್ಕೆ ಹಾಕು, ಕಿವಿ ಮುಳುಗಲಿ, ಹೊಟ್ಟೆ ಮೇಲಕ್ಕೆ ಅಂತ ನನ್ನನ್ನು ಮಲಗಿಸಿದಳು. ಬೆನ್ನ ಕೆಳಗೆ ಅವಳ ಅಂಗೈ. ಎಷ್ಟು ಬೆನ್ನುಗಳನ್ನು ಹೊತ್ತ ಅಂಗೈ! ಕಿವಿ ಮುಳುಗಿದಾಗ ಊರಿನ ಸದ್ದೆಲ್ಲ ದೂರವಾಯಿತು. ನಾನು ಚಾವಣಿಯ ಗಾಜು ನೋಡುತ್ತಿದ್ದೆ, ಅದರಾಚೆ ಒಂದು ಮೋಡ ಹೋಗುತ್ತಿತ್ತು. ಕಣ್ಣಿನೊಳಗೆ ಕೂತು ಹೊರಗೆ ನೋಡಿದರೆ ಹೀಗೇ ಇರುತ್ತದೇನೋ.

ತಂಗಿ ಏನೋ ಹೇಳಲು ಶುರು ಮಾಡಿದಳು. ಬಾಯಿ ಆಡುವುದು ಕಂಡು ತಲೆ ಸ್ವಲ್ಪ ಎತ್ತಿದೆ.

"ಅಕ್ಕ, ನೀನೀಗ... ಅದೇನಂತಾರೆ... ಎಲೆ ಥರ... ನೀರ ಮೇಲೆ..."

ಮಾತು ನಿಂತಿತು. ಅವಳು ಹುಬ್ಬು ಗಂಟಿಕ್ಕಿ ಹುಡುಕುತ್ತಿದ್ದಳು. ನಾನು ಮತ್ತೆ ತಲೆ ಹಿಂದಕ್ಕೆ ಹಾಕಿದೆ. ಮೋಡ ಗಾಜಿನ ಒಂದು ಚೌಕದಿಂದ ಇನ್ನೊಂದಕ್ಕೆ ದಾಟಿತು, ಆಮೇಲೆ ಮೂರನೆಯದಕ್ಕೆ. ಯಾವ ಅವಸರವೂ ಇರಲಿಲ್ಲ.

"ತೇಲ್ತಿದ್ದೀಯ" ಅಂದಳು.

ತಿರುಗಿ ನೋಡಿದೆ. ಅವಳು ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು, ಎರಡೂ ಕೈ ಕೊಳದ ಅಂಚಿನ ಮೇಲೆ.